ಬಡತನವೊಂದನ್ನೇ ಅಳೆದರೆ ಜನಾಂಗದ ಲೆಕ್ಕ ತೀರುತ್ತದೆಯೇ? ಅಮೆರಿಕದ ಕಾಲೇಜು ಪ್ರವೇಶದ ಬಗ್ಗೆ ಒಂದು ಚರ್ಚೆ

ಬಯಲುಸೀಮೆ (ಸ್ಯಾಕ್ರಮೆಂಟೊ)

ಎಲ್ಲರಿಗೂ ನಮಸ್ಕಾರ. ಕಾಲೇಜಿಗೆ ಪ್ರವೇಶ ಕೊಡುವಾಗ ಅರ್ಜಿದಾರರ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಹಬ್ಬದೂಟಕ್ಕೆ ಸೇರಿದಾಗಲೆಲ್ಲ ಒಂದು ಮಾತು ಕೇಳಿಬರುತ್ತಿದೆ: "ಜನಾಂಗವನ್ನು ಬಿಡಲಿ, ಬಡತನವನ್ನು ನೋಡಲಿ, ಅದೇ ನ್ಯಾಯ." ಈ ಮಾತನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧವನ್ನು ಯಾಕೆ ಒಪ್ಪಲಾರೆ ಎಂಬುದನ್ನು ನಿಮ್ಮೆಲ್ಲರ ಮುಂದಿಟ್ಟು ಚರ್ಚಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆರು ವರ್ಷಗಳಿಂದ ಅಕ್ಟೋಬರ್, ನವೆಂಬರ್ ತಿಂಗಳ ಶನಿವಾರಗಳಂದು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕುಳಿತು ಪ್ರೌಢಶಾಲೆಯ ಕೊನೆಯ ವರ್ಷದ ಮಕ್ಕಳಿಗೆ ಕಾಲೇಜಿನ ಅರ್ಜಿ ತುಂಬಲು ನೆರವಾಗುತ್ತೇನೆ. ಕಳೆದ ಬಾರಿ ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ಸಮುದಾಯದ ಒಬ್ಬ ಹುಡುಗ ಬಂದಿದ್ದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಚಟುವಟಿಕೆಗಳನ್ನು ಬರೆಯಲು ಇಪ್ಪತ್ತು ಜಾಗಗಳಿವೆ. ಅವನು ತುಂಬಿದ್ದು ಒಂದನ್ನು ಮಾತ್ರ, ಒಂಬತ್ತನೆಯ ತರಗತಿಯಲ್ಲಿ ಕೆಲವು ತಿಂಗಳು ಹೋಗಿದ್ದ ಚದುರಂಗದ ಕೂಟ. ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀಯ ಎಂದು ಕೇಳಿದೆ. ತಮ್ಮ ತಂಗಿಯರನ್ನು ಶಾಲೆಯಿಂದ ಕರೆತಂದು, ಅವರಿಗೆ ತಿನ್ನಲು ಕೊಟ್ಟು, ಸಂಜೆ ಐದರಿಂದ ರಾತ್ರಿ ಒಂಬತ್ತೂವರೆಯವರೆಗೆ ಡೋನಟ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನಂತೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರ ಮಾತನ್ನು ಅವಳ ಭಾಷೆಗೆ ತಿರುಗಿಸುವವನೂ ಅವನೇ. ಇದನ್ನೇಕೆ ಬರೆಯಲಿಲ್ಲ ಎಂದರೆ, "ಅದು ಮನೆಯ ಕೆಲಸ, ಚಟುವಟಿಕೆ ಅಲ್ಲವಲ್ಲ" ಎಂದು ತಲೆ ತಗ್ಗಿಸಿದ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದ, ನಮ್ಮಂಥವರದೇ ಮನೆಯ ಹುಡುಗಿಯೊಬ್ಬಳು ಇಪ್ಪತ್ತು ಜಾಗ ಸಾಲದೆ ಯಾವುದನ್ನು ಬಿಡಲಿ ಎಂದು ಕೇಳುತ್ತಿದ್ದಳು. ಅವಳದೂ ಪ್ರಾಮಾಣಿಕ ಶ್ರಮವೇ. ಆದರೆ ಈ ಇಬ್ಬರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬಾರದು ಎಂಬುದರಲ್ಲಿ ಅಂದಿನಿಂದ ನನಗೆ ಸಂಶಯ ಉಳಿದಿಲ್ಲ.

ನಮ್ಮ ಊರಿನ ಪಕ್ಕದಲ್ಲೇ ಡೇವಿಸ್ ಇದೆ. ಈ ಇಡೀ ವಾದ ಒಂದರ್ಥದಲ್ಲಿ ಹುಟ್ಟಿದ್ದು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ. ಅಲನ್ ಬಕ್ಕಿ ಎಂಬ ಬಿಳಿಯ ಅರ್ಜಿದಾರ 1973 ಮತ್ತು 1974ರಲ್ಲಿ ಅರ್ಜಿ ಹಾಕಿ ಎರಡು ಸಲವೂ ಸೀಟು ಸಿಗದೆ ನ್ಯಾಯಾಲಯಕ್ಕೆ ಹೋದರು. ಆಗ ಅಲ್ಲಿ 100 ಸೀಟುಗಳಲ್ಲಿ 16 ಸೀಟುಗಳು ವಿಶೇಷ ಪ್ರವೇಶಕ್ಕೆ ಮೀಸಲಾಗಿದ್ದವು. 1973ರ ಅರ್ಜಿ ನಮೂನೆಯಲ್ಲಿ ಈ ವಿಶೇಷ ಪ್ರವೇಶ "ಆರ್ಥಿಕವಾಗಿ ಅಥವಾ ಶೈಕ್ಷಣಿಕವಾಗಿ ಹಿಂದುಳಿದವರಿಗೆ" ಎಂದಿತ್ತು. ಬಡ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿ ಅರ್ಜಿ ಹಾಕಿದ್ದರು, ಆದರೆ ಅವರಲ್ಲಿ ಒಬ್ಬರಿಗೂ ಆ ದಾರಿಯಲ್ಲಿ ಸೀಟು ಸಿಗಲಿಲ್ಲ ಎಂಬುದನ್ನು 1978ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪವೆಲ್ ದಾಖಲಿಸಿದ್ದಾರೆ. ಮೀಸಲು ಸಂಖ್ಯೆ ತಪ್ಪು, ಆದರೆ ಹಲವು ಅಂಶಗಳ ನಡುವೆ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಎಂಬ ಅವರ ನಿಲುವು ನಲವತ್ತೈದು ವರ್ಷ ನಡೆಯಿತು.

ಇಂದು ಅದೇ ಡೇವಿಸ್ ಕಾಲೇಜು ಬೇರೊಂದು ಕಾರಣಕ್ಕೆ ಹೆಸರಾಗಿದೆ. ಕ್ಯಾಲಿಫೋರ್ನಿಯಾದ ಜನ 1996ರಲ್ಲೇ 209ನೆಯ ಪ್ರಸ್ತಾವಕ್ಕೆ ಮತ ಹಾಕಿ ಸರ್ಕಾರಿ ಕಾಲೇಜುಗಳಲ್ಲಿ ಜನಾಂಗೀಯ ಆದ್ಯತೆಯನ್ನು ನಿಷೇಧಿಸಿದ್ದರಿಂದ, ಆ ಕಾಲೇಜು 2012ರಿಂದ ಪ್ರತಿ ಅರ್ಜಿದಾರರಿಗೂ ಸೊನ್ನೆಯಿಂದ 99ರವರೆಗಿನ ಹಿಂದುಳಿದಿರುವಿಕೆಯ ಅಂಕವೊಂದನ್ನು ಕೊಡುತ್ತಿದೆ. ಕುಟುಂಬದ ಆದಾಯ, ತಂದೆತಾಯಿಯರ ಓದು, ವೈದ್ಯರ ಕೊರತೆಯಿರುವ ಪ್ರದೇಶದಿಂದ ಬಂದವರೇ, ದುಡಿದು ಮನೆ ನಡೆಸುತ್ತಿದ್ದಾರೆಯೇ ಎಂಬಂಥ ಎಂಟು ಸಂಗತಿಗಳನ್ನು ಅದರಲ್ಲಿ ಅಳೆಯುತ್ತಾರೆ. 2023ರಲ್ಲಿ ವರದಿಯಾದಂತೆ 133 ವಿದ್ಯಾರ್ಥಿಗಳ ತರಗತಿಯಲ್ಲಿ ಶೇ. 14 ಮಂದಿ ಕಪ್ಪು ಜನಾಂಗದವರು, ಶೇ. 30 ಮಂದಿ ಹಿಸ್ಪ್ಯಾನಿಕ್ ಮೂಲದವರು ಇದ್ದರು. ದೇಶದ ವೈದ್ಯಕೀಯ ಕಾಲೇಜುಗಳ ಸರಾಸರಿಗಿಂತ ಇದು ಹೆಚ್ಚು. ಹಾಗಾದರೆ ಬಡತನದ ಅಳತೆಯೇ ಸಾಕಾಯಿತಲ್ಲ ಎಂದು ಕೇಳುವವರಿಗೆ ಏನು ಹೇಳುತ್ತೀರಿ?

ತುಂಗಾತೀರ (ನ್ಯೂಜೆರ್ಸಿ)

ಬಯಲುಸೀಮೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಹೌದು, ಸಾಕು. ನನ್ನ ಮಗಳು ಮೂರು ವರ್ಷದ ಹಿಂದೆ ಅರ್ಜಿ ಹಾಕುವಾಗ ಅವಳ ಶಾಲೆಯ ಮಾರ್ಗದರ್ಶಕರೊಬ್ಬರು, "ನಿನ್ನ ಅರ್ಜಿ ಆದಷ್ಟು ಕಡಿಮೆ ಏಷ್ಯನ್ ಆಗಿ ಕಾಣುವಂತೆ ನೋಡಿಕೊ" ಎಂದು ಸಲಹೆ ಕೊಟ್ಟಿದ್ದರು. ಎಂಟು ವರ್ಷ ಕಲಿತ ವೀಣೆಯನ್ನು ಬರೆಯಲೋ ಬಿಡಲೋ ಎಂದು ಹದಿನೇಳು ವರ್ಷದ ಮಗು ಅಪ್ಪನನ್ನು ಕೇಳುವಂತಾದ ಆ ರಾತ್ರಿಯನ್ನು ನಾನು ಮರೆಯಲಾರೆ. ಹುಟ್ಟಿನಿಂದ ಬಂದದ್ದನ್ನು ಮುಚ್ಚಿಡಬೇಕಾಗಿ ಬರುವ ಪದ್ಧತಿಯಲ್ಲಿ, ಅದರ ಉದ್ದೇಶ ಎಷ್ಟೇ ದೊಡ್ಡದಿರಲಿ, ದೋಷವಿದೆ.

ಈ ವಿಚಾರವನ್ನು ಏಷ್ಯನ್ ಪೋಷಕರು ಹೊಸದಾಗಿ ಎತ್ತಿದ್ದೂ ಅಲ್ಲ. 1974ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಡಿಫ್ಯೂನಿಸ್ ಮೊಕದ್ದಮೆಯಲ್ಲಿ, ಉದಾರವಾದಿಗಳೆಂದು ಹೆಸರಾಗಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಇದನ್ನೇ ಬರೆದಿದ್ದರು. ಬಡ ಕೇರಿಯಿಂದ ಮೇಲೆದ್ದು ಬಂದ ಕಪ್ಪು ವಿದ್ಯಾರ್ಥಿಯ ಸಾಧನೆಗೆ ಹೆಚ್ಚಿನ ತೂಕ ಕೊಡಬಹುದು, ಅಪಲಾಚಿಯ ಬೆಟ್ಟಸೀಮೆಯ ಬಡ ಬಿಳಿಯನಿಗೂ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮೂಲದ ಹುಡುಗನಿಗೂ ಅದೇ ನ್ಯಾಯ ಸಲ್ಲಬೇಕು, ದಾಟಿ ಬಂದ ಅಡ್ಡಿಯನ್ನು ನೋಡಬೇಕು ಎಂಬುದು ಅವರ ವಾದ. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳುತ್ತಿಲ್ಲ.

ನೇತ್ರಾವತಿ (ಮಿಷಿಗನ್)

ತುಂಗಾತೀರ ಅವರೇ, ನಿಮ್ಮ ಮಗಳ ಪ್ರಸಂಗ ಓದಿ ಮನಸ್ಸಿಗೆ ನೋವಾಯಿತು. ಆ ನೋವನ್ನು ನಾನು ಕಡೆಗಣಿಸುವುದಿಲ್ಲ. ಆದರೆ "ಸಾಕು" ಎಂಬ ಮಾತಿಗೆ ನಾನಿರುವ ರಾಜ್ಯದ ಅನುಭವವನ್ನು ಹೇಳಲೇಬೇಕು. ಇಲ್ಲಿ ನಾನು ಮಕ್ಕಳ ವೈದ್ಯೆ.

ಮಿಷಿಗನ್ 2006ರಲ್ಲಿ ಜನಮತದ ಮೂಲಕ ಜನಾಂಗೀಯ ಆದ್ಯತೆಯನ್ನು ನಿಷೇಧಿಸಿತು. ನಂತರ ಮಿಷಿಗನ್ ವಿಶ್ವವಿದ್ಯಾಲಯ ಬಡ ಕುಟುಂಬಗಳ ಮಕ್ಕಳನ್ನು ಹುಡುಕಿ ತರಲು, ಅವರಿಗೆ ಶುಲ್ಕ ಮನ್ನಾ ಮಾಡಲು, ಡೆಟ್ರಾಯಿಟ್‌ನಂಥ ಊರುಗಳ ಶಾಲೆಗಳಲ್ಲಿ ಕೆಲಸ ಮಾಡಲು ಹದಿನೈದು ವರ್ಷ ಪ್ರಯತ್ನಪಟ್ಟಿತು. ಹೀಗಿದ್ದೂ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಕಪ್ಪು ಜನಾಂಗದವರ ಪಾಲು 2006ರಲ್ಲಿ ಸುಮಾರು ಶೇ. 7 ಇದ್ದದ್ದು 2021ರ ವೇಳೆಗೆ ಸುಮಾರು ಶೇ. 4ಕ್ಕೆ ಇಳಿದಿತ್ತು. ಇದನ್ನು ವಿಶ್ವವಿದ್ಯಾಲಯವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2004ರಿಂದೀಚೆಗೆ ಜನಾಂಗವನ್ನು ನೋಡದ ಇಂಥ ಕಾರ್ಯಕ್ರಮಗಳಿಗೆ 50 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ನಿಷೇಧದ ಮೊದಲ ವರ್ಷ, 1998ರಲ್ಲಿ, ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಲ್ಲಿ ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿತ್ತು. ಅದನ್ನು ಮೇಲೆತ್ತಲು ಅಷ್ಟು ಹಣ, ಅಷ್ಟು ವರ್ಷ ಬೇಕಾಯಿತು.

ಹಾರ್ವರ್ಡ್ ಮೊಕದ್ದಮೆಯ ವಿಚಾರಣೆಯಲ್ಲೂ ಇದರ ಲೆಕ್ಕ ನಡೆದಿತ್ತು. ಆರ್ಥಿಕ ಆದ್ಯತೆಯ ಪರವಾಗಿ ದಶಕಗಳಿಂದ ವಾದಿಸುತ್ತ ಬಂದಿರುವ ರಿಚರ್ಡ್ ಕಾಲೆನ್‌ಬರ್ಗ್, ಜನಾಂಗೀಯ ಆದ್ಯತೆಯನ್ನು ವಿರೋಧಿಸಿದ ಫಿರ್ಯಾದುದಾರರ ಪರ ತಜ್ಞಸಾಕ್ಷಿಯಾಗಿದ್ದರು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆಯನ್ನು ತೆಗೆದು, ಬಡವರಿಗೆ ದೊಡ್ಡ ಆದ್ಯತೆ ಕೊಟ್ಟರೆ ತರಗತಿ ಹೇಗಿರುತ್ತದೆ ಎಂದು ಅವರು ತೋರಿಸಿದ ಮಾದರಿಯಲ್ಲೂ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಮೂರನೆಯ ಒಂದು ಭಾಗದಷ್ಟು ಇಳಿಯುತ್ತಿತ್ತು. ತೀರ್ಪಿನ ನಂತರದ ಮೊದಲ ತಂಡ 2024ರಲ್ಲಿ ಬಂದಾಗ ಎಂಐಟಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಶೇ. 13ರಿಂದ ಶೇ. 5ಕ್ಕೂ, ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಶೇ. 11ರಿಂದ ಶೇ. 3ಕ್ಕೂ ಇಳಿಯಿತು. ಯೇಲ್‌ನಲ್ಲಿ ಹೆಚ್ಚು ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು, ಎಲ್ಲೆಡೆ ಒಂದೇ ಕಥೆ ಅಲ್ಲ.

ತುಂಗಾತೀರ (ನ್ಯೂಜೆರ್ಸಿ)

ಅಂಕಿಅಂಶಗಳನ್ನು ಒಪ್ಪುತ್ತೇನೆ, ಮೇಡಂ. ಆದರೆ ಕಪ್ಪು ಜನಾಂಗದವರಲ್ಲಿ ಬಡತನ ಹೆಚ್ಚು ಎಂದಾದರೆ, ಬಡತನಕ್ಕೆ ಕೊಟ್ಟ ಆದ್ಯತೆ ತಾನಾಗಿಯೇ ಅವರಿಗೆ ಹೆಚ್ಚು ತಲುಪಬೇಕಲ್ಲವೇ? ಯಾಕೆ ತಲುಪುತ್ತಿಲ್ಲ? ಇದನ್ನು ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬಯಲುಸೀಮೆ (ಸ್ಯಾಕ್ರಮೆಂಟೊ)

ತುಂಗಾತೀರ ಅವರ ಪ್ರಶ್ನೆಯೇ ಈ ಚರ್ಚೆಯ ತಿರುಳು ಎಂದು ನನಗನ್ನಿಸುತ್ತದೆ. ಮೊದಲ ಕಾರಣ ಬರಿಯ ಗಣಿತ. ಕಪ್ಪು ಜನಾಂಗದಲ್ಲಿ ಬಡವರ ಪ್ರಮಾಣ ಹೆಚ್ಚಿದ್ದರೂ, ದೇಶದ ಜನಸಂಖ್ಯೆಯಲ್ಲಿ ಬಿಳಿಯರು ಬಹಳ ಹೆಚ್ಚಿರುವುದರಿಂದ ಬಡ ಬಿಳಿಯರ ಒಟ್ಟು ಸಂಖ್ಯೆ ಇನ್ನೂ ದೊಡ್ಡದು. ಕಡಿಮೆ ಆದಾಯದ ಜೊತೆಗೆ ಹೆಚ್ಚಿನ ಪರೀಕ್ಷಾ ಅಂಕವೂ ಇರುವವರನ್ನು ಹುಡುಕುತ್ತ ಹೋದಾಗ ಆ ಪಟ್ಟಿಯಲ್ಲಿ ಬಿಳಿಯರು ಮತ್ತು ಏಷ್ಯನ್ನರೇ ಹೆಚ್ಚು ಸಿಗುತ್ತಾರೆ. ಅವರಿಗೆ ಅವಕಾಶ ಸಿಗುವುದು ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಹಳೆಯ ಪದ್ಧತಿ ತಲುಪುತ್ತಿದ್ದ ಮಕ್ಕಳಿಗೆ ಅದು ತಲುಪಲಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಎರಡನೆಯ ಕಾರಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆದಾಯ ಬೇರೆ, ಆಸ್ತಿ ಬೇರೆ. ಅಮೆರಿಕದ ಕೇಂದ್ರ ಬ್ಯಾಂಕು ಮೂರು ವರ್ಷಕ್ಕೊಮ್ಮೆ ನಡೆಸುವ ಕುಟುಂಬ ಹಣಕಾಸು ಸಮೀಕ್ಷೆಯ ಪ್ರಕಾರ, 2022ರಲ್ಲಿ ಬಿಳಿಯ ಕುಟುಂಬದ ನಡುಮಟ್ಟದ ನಿವ್ವಳ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್. ಆರು ಪಟ್ಟಿಗೂ ಮೀರಿದ ಈ ಅಂತರ ಸಂಬಳದ ಚೀಟಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಊರೂರಿನ ನಕ್ಷೆ ಬರೆಸಿ, ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಅವನ್ನು ಸಾಲಕ್ಕೆ ಅಪಾಯಕರವೆಂದು ಗುರುತಿಸಿತ್ತು. 1968ರ ಗೃಹ ಸಮಾನತೆಯ ಕಾಯಿದೆ ಬರುವ ಹೊತ್ತಿಗೆ ಬಿಳಿಯ ಕುಟುಂಬಗಳ ಒಂದು ತಲೆಮಾರು ಕಂತು ಕಟ್ಟಿ ಮನೆಯ ಒಡೆಯರಾಗಿತ್ತು. ನಮ್ಮಲ್ಲಿ ಮನೆ ಎಂದರೆ ಮಕ್ಕಳ ಓದಿಗೆ ಅಡವಿಡುವ ಕೊನೆಯ ಆಸರೆ ಅಲ್ಲವೇ? ಇಲ್ಲಿಯೂ ಹಾಗೆಯೇ. ವರ್ಷಕ್ಕೆ 60,000 ಡಾಲರ್ ಗಳಿಸುವ ಎರಡು ಕುಟುಂಬಗಳಲ್ಲಿ ಒಂದಕ್ಕೆ ಅಜ್ಜ ಬಿಟ್ಟುಹೋದ ಮನೆಯಿದ್ದು ಇನ್ನೊಂದಕ್ಕೆ ಅಜ್ಜಿಯ ಔಷಧದ ಸಾಲವಿದ್ದರೆ, ಆದಾಯದ ಕಾಲಮಿನಲ್ಲಿ ಅವೆರಡೂ ಒಂದೇ.

ಇನ್ನೂ ಒಂದು ಮಾತು. ಒಂದೇ ಆದಾಯವಿದ್ದರೂ ಕಪ್ಪು ಕುಟುಂಬಗಳು ಬಿಳಿಯ ಕುಟುಂಬಗಳಿಗಿಂತ ಬಡ ನೆರೆಹೊರೆಯಲ್ಲಿ ವಾಸಿಸುವುದು ಹೆಚ್ಚು. ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವ ದೇಶದಲ್ಲಿ ನೆರೆಹೊರೆ ಎಂದರೆ ಶಾಲೆ. ಆದ್ದರಿಂದ ಅಳೆಯುವುದಾದರೆ ಆದಾಯದ ಜೊತೆ ಆಸ್ತಿ, ನೆರೆಹೊರೆ, ಶಾಲೆ, ತಂದೆತಾಯಿಯರ ಓದು, ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬುದನ್ನೆಲ್ಲ ಅಳೆಯಬೇಕು. ಡೇವಿಸ್‌ನವರು ಯಶಸ್ವಿಯಾದದ್ದು ಒಂದೇ ಸಂಖ್ಯೆಯನ್ನು ನೆಚ್ಚದೆ ಎಂಟು ಸಂಗತಿಗಳನ್ನು ನೋಡಿದ್ದರಿಂದ ಎಂದು ನಾನು ತಿಳಿದಿದ್ದೇನೆ. ಅದೂ ಅಲ್ಲದೆ, ಅದು ನೂರಮೂವತ್ತು ಚಿಲ್ಲರೆ ಸೀಟುಗಳ ಕಾಲೇಜು. ಲಕ್ಷಕ್ಕೂ ಮೀರಿ ಅರ್ಜಿ ಬರುವ ಕ್ಯಾಂಪಸ್ಸಿನಲ್ಲಿ ಅಷ್ಟು ನಿಗಾ ಕೊಡುವುದು ಸುಲಭವಲ್ಲ.

ಹೇಮಾವತಿ (ಮೈಸೂರು)

ನಾನು ನಿವೃತ್ತ ಅಧ್ಯಾಪಕ, ಅಮೆರಿಕಕ್ಕೆ ಬಂದದ್ದು ಮಗನ ಮನೆಗೆ ಎರಡು ಸಲ ಮಾತ್ರ. ಆದರೂ ನೀವು ಚರ್ಚಿಸುತ್ತಿರುವ ಪ್ರಯೋಗವನ್ನು ನಮ್ಮ ಮೈಸೂರು ರಾಜ್ಯ ಅರವತ್ತು ವರ್ಷಗಳ ಹಿಂದೆಯೇ ಮಾಡಿ ನೋಡಿತ್ತು, ಮತ್ತು ಅದರ ಕೆಳಗೆ ನಾನೇ ಅರ್ಜಿ ಹಾಕಿದ್ದೆ ಎಂಬ ಕಾರಣಕ್ಕೆ ಎರಡು ಮಾತು ಬರೆಯುತ್ತೇನೆ.

ಮೈಸೂರು ಸರ್ಕಾರ 1962ರಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟದ್ದನ್ನು ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆಯಾಗಿ ಹಿಡಿಯಬಾರದು ಎಂದಿತು. ಆಗ ಸರ್ಕಾರ 1963ರಲ್ಲಿ ಜಾತಿಯ ಹೆಸರನ್ನೇ ಎತ್ತದೆ ಹೊಸ ಆದೇಶ ಹೊರಡಿಸಿತು. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕುಶಲಕರ್ಮ ಅಥವಾ ಮೈಮುರಿದು ದುಡಿಯುವ ಇನ್ನಾವುದಾದರೂ ಕೆಲಸ ಆಗಿರಬೇಕು, ಅಂಥವರಿಗೆ ಶೇ. 30 ಸೀಟು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಶೇ. 18 ಪ್ರತ್ಯೇಕವಾಗಿ ಮುಂದುವರಿಯಿತು. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಆದೇಶವನ್ನು ಎತ್ತಿಹಿಡಿಯಿತು.

ನಾನು ಪಿಯುಸಿ ಮುಗಿಸಿದ್ದು 1966ರಲ್ಲಿ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ತಿಂಗಳ ಸಂಬಳ ನೂರು ರೂಪಾಯಿಯನ್ನು ಸ್ವಲ್ಪ ದಾಟುತ್ತಿತ್ತು, ಅದು ಸರ್ಕಾರದ ಪುಸ್ತಕದಲ್ಲಿ ಬರೆದಿಟ್ಟ ಸಂಬಳ. ಆದ್ದರಿಂದ ನಾನು ಹೊರಗುಳಿದೆ. ನಮ್ಮ ಮನೆಯ ಎದುರಿಗೆ ಹನ್ನೆರಡು ಎಕರೆ ಅಡಿಕೆ ತೋಟವಿದ್ದ ಕುಟುಂಬವೊಂದಿತ್ತು. ಬೇಸಾಯದ ಆದಾಯವನ್ನು ಬರೆದಿಟ್ಟವರು ಯಾರು? ಶಾನುಭೋಗರ ಷರಾದ ಮೇಲೆ ಅವರ ಮಗನಿಗೆ ಪ್ರಮಾಣಪತ್ರ ಸಿಕ್ಕಿತು. ನನಗೆ ಆ ಹುಡುಗನ ಮೇಲೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ನಮ್ಮೂರಿನ ಕುಂಬಾರರ ಕೇರಿಯಿಂದಾಗಲಿ ಮಡಿವಾಳರ ಕೇರಿಯಿಂದಾಗಲಿ ಆ ವರ್ಷ ಅರ್ಜಿ ಹಾಕಿದವರು ಒಬ್ಬರೂ ಇರಲಿಲ್ಲ, ಯಾಕೆಂದರೆ ಆ ಕೇರಿಗಳಲ್ಲಿ ಪಿಯುಸಿಯವರೆಗೆ ಬಂದವರೇ ಇರಲಿಲ್ಲ. ನಾನೂ ತೋಟದ ಮನೆಯ ಹುಡುಗನೂ ಯಾರು ಬಡವರು ಎಂದು ಪೈಪೋಟಿ ನಡೆಸುತ್ತಿದ್ದೆವು, ಅವರು ಆ ಪೈಪೋಟಿಯ ಅಂಗಳಕ್ಕೂ ಬಂದಿರಲಿಲ್ಲ.

1972ರಲ್ಲಿ ದೇವರಾಜ ಅರಸರ ಸರ್ಕಾರ ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿತು. 1975ರ ಅದರ ವರದಿಯ ನಂತರ ಸಮುದಾಯಗಳ ಪಟ್ಟಿ ಮತ್ತೆ ಬಂತು. ಮುಂದೆ 1992ರ ಇಂದ್ರಾ ಸಾಹ್ನಿ ತೀರ್ಪು ಹಿಂದುಳಿದ ಜಾತಿಗಳೊಳಗಿನ ಸ್ಥಿತಿವಂತರನ್ನು ಹೊರಗಿಡಬೇಕೆಂದು ಹೇಳಿ ಎರಡು ಅಳತೆಗಳನ್ನೂ ಒಂದರ ಮೇಲೊಂದು ಇಟ್ಟಿತು. 2019ರಲ್ಲಿ ಆರ್ಥಿಕವಾಗಿ ದುರ್ಬಲರಿಗೆಂದು ಬಂದ ಶೇ. 10 ಮೀಸಲಾತಿಗೆ ವಾರ್ಷಿಕ ಆದಾಯದ ಮಿತಿ ಎಂಟು ಲಕ್ಷ ರೂಪಾಯಿ ಎಂಬುದನ್ನು ಓದಿದಾಗ ನನಗೆ 1966ರ ಆ ನೂರು ರೂಪಾಯಿ ನೆನಪಾಯಿತು. ಮಿತಿಯನ್ನು ಎಲ್ಲಿ ಗೀರುತ್ತೀರಿ, ಯಾರ ಕಾಗದವನ್ನು ನಂಬುತ್ತೀರಿ ಎಂಬುದರಲ್ಲೇ ಆರ್ಥಿಕ ಅಳತೆಯ ಅರ್ಧ ನ್ಯಾಯ ತೀರ್ಮಾನವಾಗಿಬಿಡುತ್ತದೆ.

ಸಹ್ಯಾದ್ರಿ (ಉತ್ತರ ವರ್ಜೀನಿಯಾ)

ಮೇಷ್ಟ್ರೇ, ನಿಮ್ಮ ಬರಹವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. "ಪೈಪೋಟಿಯ ಅಂಗಳಕ್ಕೂ ಬಂದಿರಲಿಲ್ಲ" ಎಂದಿರಲ್ಲ, ಅದಕ್ಕೆ ಹೊಂದುವ ಒಂದು ಪ್ರಕರಣ ನಮ್ಮ ಊರಲ್ಲೇ ನಡೆದಿದೆ.

ಇಲ್ಲಿನ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಥಾಮಸ್ ಜೆಫರ್ಸನ್ ಹೆಸರಿನ ವಿಜ್ಞಾನ ಪ್ರೌಢಶಾಲೆ ಇದೆ. ಅದು ಕಾಲೇಜಲ್ಲ, ಆದರೆ ಪ್ರವೇಶದ ವಾದ ಒಂದೇ. 2020ರವರೆಗೆ ಅಲ್ಲಿ ಕಠಿಣ ಪ್ರವೇಶ ಪರೀಕ್ಷೆ ಇತ್ತು. ನಮ್ಮವರ ಮಕ್ಕಳು ಆರನೆಯ ತರಗತಿಯಿಂದಲೇ ಅದಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದರು, ನನ್ನ ಹಿರಿಯ ಮಗನೂ ಹೋಗಿದ್ದ. ಆ ವರ್ಷ ಪರೀಕ್ಷೆಯನ್ನು ತೆಗೆದು, ಪ್ರತಿಯೊಂದು ಮಾಧ್ಯಮಿಕ ಶಾಲೆಯ ಎಂಟನೆಯ ತರಗತಿಯ ಮಕ್ಕಳಲ್ಲಿ ಶೇ. 1.5ರಷ್ಟು ಮಂದಿಗೆ ಜಾಗ ಕಾದಿರಿಸಿ, ಬಡತನ ಮತ್ತು ಮನೆಭಾಷೆಯಂಥ ಸಂಗತಿಗಳಿಗೂ ತೂಕ ಕೊಟ್ಟರು. ಸುಮಾರು 550 ಸೀಟುಗಳಲ್ಲಿ ಏಷ್ಯನ್ನರ ಪಾಲು ಶೇ. 73ರಿಂದ ಶೇ. 54ಕ್ಕೆ ಇಳಿಯಿತು. ಪೋಷಕರು ಮೊಕದ್ದಮೆ ಹೂಡಿದರು. ಮೇಲ್ಮನವಿ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ನಾನು ಆ ಪೋಷಕರ ಜೊತೆಗಿದ್ದವನು, ಸಭೆಗಳಲ್ಲಿ ಮಾತಾಡಿದವನು. ನನ್ನ ಮನಸ್ಸನ್ನು ಬದಲಿಸಿದ್ದು ತೀರ್ಪಿನ ಪುಟಗಳಲ್ಲಿದ್ದ ಒಂದು ಸಂಖ್ಯೆ. ಹಳೆಯ ಪದ್ಧತಿಯ ಕೊನೆಯ ವರ್ಷ ಪ್ರವೇಶ ಪಡೆದ ಏಷ್ಯನ್ ಮೂಲದ ಬಡ ಮಕ್ಕಳ ಸಂಖ್ಯೆ ಒಂದು. ಹೊಸ ಪದ್ಧತಿಯ ಮೊದಲ ವರ್ಷ ಐವತ್ತೊಂದು. "ನಮ್ಮ ಮಕ್ಕಳು" ಎಂದು ನಾನು ಮೈಕಿನ ಮುಂದೆ ಹೇಳುತ್ತಿದ್ದಾಗ ಆ ಐವತ್ತು ಮಕ್ಕಳು ನನ್ನ ಲೆಕ್ಕದಲ್ಲಿರಲಿಲ್ಲ. ಇದನ್ನು ಬರೆಯಲು ನನಗೆ ಸುಲಭವಾಗುತ್ತಿಲ್ಲ, ಆದರೂ ಬರೆಯಬೇಕು ಅನ್ನಿಸಿತು.

ತುಂಗಾತೀರ (ನ್ಯೂಜೆರ್ಸಿ)

ಸಹ್ಯಾದ್ರಿಯವರ ಮಾತು ನನ್ನನ್ನೂ ಯೋಚನೆಗೆ ಹಚ್ಚಿತು. ಆದರೂ ಜನಾಂಗದ ಹೆಸರಿನಲ್ಲಿ ಒಂದು ಮಗುವಿಗೆ ಕೂಡಿಸಿ ಇನ್ನೊಂದಕ್ಕೆ ಕಳೆಯುವುದನ್ನು ನಾನು ಇಂದಿಗೂ ಒಪ್ಪಲಾರೆ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆಸ್ತಿ, ನೆರೆಹೊರೆ, ಶಾಲೆ ಇವನ್ನೂ ಅಳೆಯಬೇಕು ಎಂದ ಬಯಲುಸೀಮೆಯವರ ಮಾತನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ಆದರೆ ಅಳೆಯುವುದು ಹೇಗೆ? ದೊಡ್ಡ ಕಾಲೇಜುಗಳು "ಕುಟುಂಬದ ಹಣಕಾಸನ್ನು ನೋಡದೆ ಪ್ರವೇಶ ಕೊಡುತ್ತೇವೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ನೋಡದಿದ್ದರೆ ಬಡವರೆಂದು ತಿಳಿಯುವುದು ಹೇಗೆ?

ನೇತ್ರಾವತಿ (ಮಿಷಿಗನ್)

ಒಳ್ಳೆಯ ಪ್ರಶ್ನೆ. ಹಣಕಾಸನ್ನು ನೋಡುವುದಿಲ್ಲ ಎಂದರೆ, ಬಡವರೆಂಬ ಕಾರಣಕ್ಕೆ ತಿರಸ್ಕರಿಸುವುದಿಲ್ಲ ಎಂಬ ವಾಗ್ದಾನ. ಅದು ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದು. ಆದರೆ ಅದರ ಫಲವಾಗಿ, ಓದಿಗೆ ಹಣದ ನೆರವು ಕೋರುವ ಅರ್ಜಿಯಲ್ಲಿರುವ ಆದಾಯದ ವಿವರ ಒಂದು ಕೋಣೆಯಲ್ಲೂ ಪ್ರವೇಶದ ಅರ್ಜಿ ಇನ್ನೊಂದು ಕೋಣೆಯಲ್ಲೂ ಉಳಿದುಬಿಡುತ್ತದೆ. ಪ್ರವೇಶದ ಅರ್ಜಿ ಓದುವವರು ಅರ್ಜಿ ಶುಲ್ಕ ಮನ್ನಾ ಆಗಿದೆಯೇ, ತಂದೆತಾಯಿ ಏನು ಓದಿದ್ದಾರೆ, ಶಾಲೆ ಎಂಥದ್ದು ಎಂಬ ಸುಳಿವುಗಳಿಂದ ಊಹಿಸಬೇಕು. ನೆರವಿನ ನಮೂನೆಗಳೂ ಒಂದೇ ರೀತಿಯವಲ್ಲ. ಕೇಂದ್ರ ಸರ್ಕಾರದ ಫಾಫ್ಸಾ ನಮೂನೆ ವಾಸದ ಮನೆಯ ಬೆಲೆಯನ್ನು ಕೇಳುವುದೇ ಇಲ್ಲ, ಹಲವು ಖಾಸಗಿ ಕಾಲೇಜುಗಳು ಬಳಸುವ ಸಿಎಸ್ಎಸ್ ಪ್ರೊಫೈಲ್ ಕೇಳುತ್ತದೆ. ಬಯಲುಸೀಮೆಯವರು ಹೇಳಿದ ಅಜ್ಜನ ಮನೆ ಒಂದರಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಮಾಯವಾಗುತ್ತದೆ.

ಸೀಟು ಎಲ್ಲಿಂದ ಬರಬೇಕು ಎಂಬುದನ್ನೂ ಕೇಳಬೇಕು. ಹಾರ್ವರ್ಡ್ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆಗಳ ಅಧ್ಯಯನದ ಪ್ರಕಾರ, ಅಲ್ಲಿ ಪ್ರವೇಶ ಪಡೆದ ಬಿಳಿಯರಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಒಂದೋ ಕ್ರೀಡಾಪಟುಗಳು, ಇಲ್ಲವೇ ಹಳೆಯ ವಿದ್ಯಾರ್ಥಿಗಳ, ದಾನಿಗಳ ಅಥವಾ ಸಿಬ್ಬಂದಿಯ ಸಂಬಂಧಿಗಳು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಹೋದ್ಯೋಗಿಗಳು 2023ರಲ್ಲಿ ತೋರಿಸಿದಂತೆ, ಒಂದೇ ಪರೀಕ್ಷಾ ಅಂಕವಿದ್ದಾಗಲೂ ಅತಿ ಶ್ರೀಮಂತ ಶೇ. 1ರ ಮನೆಗಳ ಮಕ್ಕಳು ಅತ್ಯುನ್ನತ ಹನ್ನೆರಡು ಖಾಸಗಿ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮವರ್ಗದ ಮಕ್ಕಳದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ಮಕ್ಕಳ ಸೀಟನ್ನು ಕಪ್ಪು ಮಕ್ಕಳು ತೆಗೆದುಕೊಂಡರು ಎಂದು ಇಷ್ಟು ವರ್ಷ ಜಗಳವಾಡಿದೆವು. ಈ ಸೀಟುಗಳ ಬಗ್ಗೆ ನಮ್ಮ ಸಂಘಗಳ ಒಂದು ಸಭೆಯಲ್ಲೂ ಚರ್ಚೆಯಾದದ್ದನ್ನು ನಾನು ಕೇಳಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮಕ್ಕಳ ಆದ್ಯತೆಯನ್ನು ನಿಷೇಧಿಸುವ ಕಾಯಿದೆ ಮಾಡಿತು. ಇತರ ರಾಜ್ಯಗಳಲ್ಲೂ ಅದಕ್ಕಾಗಿ ಒತ್ತಾಯಿಸುವುದು ನಮ್ಮಿಂದ ಆಗುವ ಕೆಲಸ.

ಸಹ್ಯಾದ್ರಿ (ಉತ್ತರ ವರ್ಜೀನಿಯಾ)

ಒಂದು ಸಣ್ಣ ಸೇರ್ಪಡೆ. ಆರ್ಥಿಕ ಅಳತೆ ಕಾನೂನಿನ ದೃಷ್ಟಿಯಿಂದ ನಿರಾತಂಕ ಎಂದು ನಾವೆಲ್ಲ ಭಾವಿಸಿದ್ದೆವು. ಆದರೆ ಜನಾಂಗಕ್ಕೆ ಮರೆಯಾಗಿ ಊರು ಅಥವಾ ಆದಾಯವನ್ನು ಬಳಸಿದರೆ ಅದೂ ಕಾನೂನುಬಾಹಿರವಾಗಬಹುದೆಂದು ಕೇಂದ್ರದ ನ್ಯಾಯ ಇಲಾಖೆ 2025ರ ಜುಲೈನಲ್ಲಿ ಸೂಚನೆ ಹೊರಡಿಸಿದೆ. ಅರ್ಜಿದಾರರ ಶಾಲೆ ಮತ್ತು ನೆರೆಹೊರೆಯ ಪರಿಸ್ಥಿತಿಯನ್ನು ಕಾಲೇಜುಗಳಿಗೆ ತೋರಿಸುತ್ತಿದ್ದ "ಲ್ಯಾಂಡ್‌ಸ್ಕೇಪ್" ಎಂಬ ಸಾಧನವನ್ನು, ಎಸ್ಎಟಿ ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಬಡತನವನ್ನು ನೋಡಲಿ ಎಂದು ಹೇಳಿದ ನಾವೆಲ್ಲ ಈಗ ಬಾಯಿಬಿಟ್ಟು ಮಾತಾಡಬೇಕಾದ ಹೊತ್ತು ಬಂದಿದೆ.

ತುಂಗಾತೀರ (ನ್ಯೂಜೆರ್ಸಿ)

ಈ ವಿಷಯದಲ್ಲಿ ನಾನು ನಿಮ್ಮೊಂದಿಗಿದ್ದೇನೆ. ಜನಾಂಗದ ಬದಲು ಬಡತನ ಎಂದು ವಾದಿಸಿದವನು, ಬಡತನವನ್ನೂ ನೋಡಬೇಡಿ ಎನ್ನುವವರ ಮುಂದೆ ಸುಮ್ಮನಿದ್ದರೆ ನನ್ನ ವಾದವೇ ಸುಳ್ಳಾಗುತ್ತದೆ.

ಕೃಷ್ಣಾತೀರ (ಫ್ರೆಸ್ನೊ)

ಇಷ್ಟು ದಿನ ಓದುತ್ತ ಮಾತ್ರ ಇದ್ದೆ. ಬಯಲುಸೀಮೆ ಅಣ್ಣನವರಲ್ಲಿ ಒಂದು ಸಹಾಯ ಕೇಳಬೇಕಾಗಿದೆ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಮೋಟೆಲಿನಲ್ಲಿ ಕೋಣೆ ಸ್ವಚ್ಛಮಾಡುವ ಮಹಿಳೆಯೊಬ್ಬರಿದ್ದಾರೆ, ಮೆಕ್ಸಿಕೊ ಮೂಲದವರು. ಅವರ ಮಗಳು ಓದಿನಲ್ಲಿ ಬಹಳ ಚುರುಕು. ವಾರಾಂತ್ಯದಲ್ಲಿ ಅಮ್ಮನ ಜೊತೆ ಬಂದು ಹಾಸಿಗೆಯ ಹೊದಿಕೆ ಬದಲಿಸುತ್ತಾಳೆ, ಬೇಸಿಗೆಯಲ್ಲಿ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾಳೆ. ಈ ವರ್ಷ ಅರ್ಜಿ ಹಾಕಬೇಕು. ಇವನ್ನೆಲ್ಲ ಎಲ್ಲಿ ಬರೆಯಬೇಕು, ಬರೆದರೆ ಅವಳಿಗೆ ಕೀಳೆನಿಸೀತೇ?

ಬಯಲುಸೀಮೆ (ಸ್ಯಾಕ್ರಮೆಂಟೊ)

ಕೃಷ್ಣಾತೀರ ಅವರೇ, ಖಂಡಿತ ಬರೆಯಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಚಟುವಟಿಕೆಗಳ ವಿಭಾಗದಡಿ "ಉದ್ಯೋಗದ ಅನುಭವ" ಎಂಬ ಬಗೆ ಇದೆ. ದ್ರಾಕ್ಷಿ ತೋಟದ ಕೆಲಸವನ್ನು ಅಲ್ಲಿ ಬರೆಯಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನು ಸರಿಯಾಗಿ ಲೆಕ್ಕಹಾಕಿ ತುಂಬಲಿ. ಸಂಪಾದನೆಯನ್ನು ಹೇಗೆ ಬಳಸಿದೆ ಎಂಬ ಪ್ರಶ್ನೆಯೂ ಅಲ್ಲೇ ಬರುತ್ತದೆ. ಬಹಳ ಮಕ್ಕಳು ಅದನ್ನು ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಅವಳು ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆಗೆ ಎಂದು, ತಮ್ಮನ ಕನ್ನಡಕಕ್ಕೆ ಕೊಟ್ಟಿದ್ದರೆ ಹಾಗೆಯೇ ಬರೆಯಲಿ. ಅಮ್ಮನ ಜೊತೆ ಸಂಬಳವಿಲ್ಲದೆ ಮಾಡುವ ಕೆಲಸವನ್ನು ಇತರ ಚಟುವಟಿಕೆಯಾಗಿ ನಮೂದಿಸಬಹುದು. ಖಾಸಗಿ ಕಾಲೇಜುಗಳಿಗೆ ಬಳಸುವ ಕಾಮನ್ ಆ್ಯಪ್‌ನಲ್ಲಿ ಹತ್ತು ಜಾಗಗಳಿದ್ದು, "ಕುಟುಂಬದ ಹೊಣೆಗಾರಿಕೆಗಳು" ಎಂಬ ಬಗೆಯೇ ಪ್ರತ್ಯೇಕವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿರುವ ಎಂಟು ಸ್ವಪರಿಚಯದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ಒಂದೊಂದಕ್ಕೂ 350 ಪದಗಳ ಮಿತಿಯಲ್ಲಿ ಉತ್ತರಿಸಬೇಕು. ಅವುಗಳಲ್ಲಿ ಒಂದು ಎದುರಿಸಿದ ಕಷ್ಟದ ಬಗ್ಗೆಯೇ ಇದೆ. ಕುಟುಂಬದ ಮೂಲ, ಜನಾಂಗದ ಕಾರಣಕ್ಕೆ ಅನುಭವಿಸಿದ್ದು ಏನಾದರೂ ಇದ್ದರೆ ಅದನ್ನೂ ತನ್ನ ಬದುಕಿನ ಭಾಗವಾಗಿ ಬರೆಯಬಹುದೆಂದು 2023ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಸ್ಪಷ್ಟಪಡಿಸಿದ್ದಾರೆ, ಹೆದರಬೇಕಾಗಿಲ್ಲ.

ಕೀಳೆನಿಸೀತೇ ಎಂದು ಕೇಳಿದಿರಿ. ಮೊದಲು ನಾನು ಹೇಳಿದ ಆ ಹುಡುಗ, ಸಂಪಾದನೆಯ ಪ್ರಶ್ನೆಗೆ "ಅಜ್ಜಿಯ ಔಷಧ, ತಂಗಿಯರ ಶೂ, ಉಳಿದದ್ದು ಅಮ್ಮನ ಕೈಗೆ" ಎಂದು ಬರೆದು, ಇಷ್ಟು ಸಾಕೇ ಎಂದು ನನ್ನ ಮುಖ ನೋಡಿದ್ದ. ಒಂದಕ್ಷರವನ್ನೂ ತಿದ್ದಬೇಡ ಎಂದಿದ್ದೆ. ಅರ್ಜಿಗೆ ನವೆಂಬರ್ ಕೊನೆಯವರೆಗೆ ಸಮಯವಿದೆ. ಆ ಮಗುವಿಗೆ ಒಪ್ಪಿಗೆಯಿದ್ದರೆ ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ವೀಡಿಯೊ ಕರೆಯಲ್ಲಿ ಜೊತೆಗೆ ಕೂರುತ್ತೇನೆ, ಅವಳ ಅಮ್ಮನೂ ಇರಲಿ.